ಬಿಸಿನೀರಿನ ತೊಟ್ಟಿಗೆ ಎಷ್ಟು ಹೆಜ್ಜೆ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸರ್ವೆಯರ್ ಹದಿನಾಲ್ಕನೆಯ ಲಾಡ್ಜನ್ನೂ ಬೇಡ ಅಂದ.

ಅಂದವನು ಬಾಲ್ಕನಿಯ ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದ. ಅವನ ಹೆಂಡತಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದಳು. ಪಕ್ಕದ ಹಾಳೆಯಲ್ಲಿ ಹದಿನಾಲ್ಕನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಅವಳು ನ್ಯಾಯಾಲಯದಲ್ಲಿ ಸ್ಟೆನೋ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೇ ಶೀಘ್ರಲಿಪಿಯಲ್ಲಿ ಇಳಿಸಿಕೊಂಡು ಆಮೇಲೆ ಟೈಪು ಮಾಡುವ ಕೆಲಸ, ಮೂವತ್ತೊಂದು ವರ್ಷವಾಯಿತು. ಸಾಕ್ಷಿ 'ಇರಬಹುದು' ಅಂದದ್ದನ್ನು ಅವಳು ಒಂದು ಸಲವೂ 'ಇದೆ' ಎಂದು ಬರೆದಿಲ್ಲ.

ಸರ್ವೆಯರ್‌ಗೆ ಕಣ್ಣು ಕಾಣುವುದಿಲ್ಲ. ಗ್ಲಾಕೋಮಾ. ಎಡಗಣ್ಣು ಮೂರು ವರ್ಷದ ಹಿಂದೆ ಹೋಯಿತು, ಬಲಗಣ್ಣು ಹದಿನಾಲ್ಕು ತಿಂಗಳ ಹಿಂದೆ. ಅಲ್ಲಿಂದೀಚೆಗೆ, ಆಸ್ಪತ್ರೆಗೆ ಹೋದ ನಾಲ್ಕು ಸಲ ಬಿಟ್ಟರೆ, ಅವನು ಹೊಸ್ತಿಲು ದಾಟಿಲ್ಲ. ಮನೆಯೊಳಗೇನೋ ಸರಾಗವಾಗಿ ಓಡಾಡುತ್ತಾನೆ: ಬೆರಳ ಬೆನ್ನಿನಿಂದ ಫ್ರಿಜ್ ಸವರಿ ಎಡಕ್ಕೆ ತಿರುಗಿದರೆ ಅಡುಗೆಮನೆ, ಕುರ್ಚಿಯ ಕೈ ಮುಟ್ಟಿ ನೇರ ಹೋದರೆ ಬಚ್ಚಲು. ಹೊರಗೆ ಅಂದರೆ ಮಾತ್ರ ಮುಖ ಗಂಟು ಹಾಕುತ್ತಾನೆ. ಕಳೆದ ತಿಂಗಳು "ನನ್ನ ಬೂಟು ಯಾರಿಗಾದ್ರೂ ಕೊಟ್ಟುಬಿಡು" ಅಂದಿದ್ದ. ಅವಳು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಬೂಟುಗಳನ್ನು ಮಂಚದ ಕೆಳಗೆ ತಳ್ಳಿದಳು. ಬೂಟು ಬೇಡ ಅಂದವನು ನಾಳೆ ಚಪ್ಪಲಿ ಬೇಡ ಅನ್ನುತ್ತಾನೆ, ನಾಡಿದ್ದು ಕುರ್ಚಿಯಿಂದ ಏಳುವುದೇ ಬೇಡ ಅನ್ನುತ್ತಾನೆ ಎಂಬ ಭಯ ಅವಳಿಗೆ ಆ ದಿನ ಹತ್ತಿಕೊಂಡಿತು. ಸೋಮವಾರದಿಂದ ನ್ಯಾಯಾಲಯಕ್ಕೆ ಒಂಬತ್ತು ದಿನ ರಜೆ. ಈ ಒಂಬತ್ತು ದಿನದೊಳಗೆ ಅವನನ್ನು ಹೊರಗೆ ಕರೆದೊಯ್ಯದಿದ್ದರೆ ಮತ್ತೆ ಆಗುವುದಿಲ್ಲ ಎಂದು ಅವಳಿಗೆ ಖಚಿತವಾಗಿತ್ತು.

ಬಿಸಿನೀರಿನ ತೊಟ್ಟಿ ಅವಳ ತಲೆಗೆ ಹೊಕ್ಕಿದ್ದು ಇಪ್ಪತ್ತೆಂಟು ವರ್ಷದ ಹಿಂದೆ, ಅವನ ಬಾಯಿಂದಲೇ. ಆಗೆಲ್ಲ ಅವನು ವರ್ಷಕ್ಕೆ ಐದು ತಿಂಗಳು ಬೆಟ್ಟಗಳಲ್ಲಿ ಅಲೆದು ಭೂಮಾಪನ ಇಲಾಖೆಗೆ ನಕ್ಷೆ ಮಾಡುತ್ತಿದ್ದ. ಮನೆಗೆ ಬಂದವನು ಒಂದು ಸಂಜೆ ಹೇಳಿದ: ಮೇಲಿನ ಕ್ಯಾಂಪಿನಲ್ಲಿ ಎಣ್ಣೆಯ ಪೀಪಾಯಿಯೊಂದನ್ನು ಕೊಯ್ದು, ಕೆಳಗೆ ಬೆಂಕಿ ಹಾಕಿ, ಕತ್ತಿನ ತನಕ ಬಿಸಿನೀರಿನಲ್ಲಿ ಕೂತಿದ್ದೆ, ಮೇಲೆ ಹಿಮ ಉದುರುತ್ತಿತ್ತು, ಕೂದಲು ಗಟ್ಟಿಯಾಗಿ ಕಟಕಟ ಅನ್ನುತ್ತಿತ್ತು, ಎದೆ ಬೆವರುತ್ತಿತ್ತು, ಎದುರಿಗೆ ಸಾಲು ಶಿಖರ. ಕೊನೆಗೆ "ಒಂದಿನ ಕರ್ಕೊಂಡು ಹೋಗಿ ತೋರಿಸ್ತೀನಿ" ಅಂದ. ಅವಳ ಕೈಯಲ್ಲಿ ಪೆನ್ಸಿಲ್ ಇತ್ತು. ಅಭ್ಯಾಸಬಲದಿಂದ ಬರೆದುಕೊಂಡಳು, ತಾರೀಕನ್ನೂ ಹಾಕಿದಳು. ಆ ಪುಸ್ತಕ ಈಗಲೂ ಬೀರುವಿನಲ್ಲಿದೆ.

"ಅದು ಹೊಸದಾಗಿ ಮದುವೆಯಾದೋನು ಆಡಿದ ಮಾತು ಕಣೇ" ಎಂದು ಅವನು ಬೆಳಿಗ್ಗೆಯೇ ವಾದ ಮಾಡಿದ್ದ.

"ಹೇಳಿಕೆ ಹೇಳಿಕೇನೇ ರೀ. ಯಾವಾಗ ಕೊಟ್ರೂ."

"ಈಗ ಯಾರು ಯಾರಿಗೆ ತೋರಿಸೋದು?"

"ನೋಡೋ ಕೆಲಸ ನನಗಿರಲಿ. ತೋರಿಸೋ ಕೆಲಸ ನಿಮ್ಮದೇ."

ಹಾಗೆಂದು ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಪಾಟೀಸವಾಲಾಗಿತ್ತು. ಅವಳು ಬಿಸಿನೀರಿನ ತೊಟ್ಟಿಯಿರುವ ಬೆಟ್ಟದ ಲಾಡ್ಜುಗಳ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದು, ಅವನು ಒಂದೊಂದರಲ್ಲೂ ಹುಳುಕು ಹುಡುಕುವುದು. ಒಂದಕ್ಕೆ ಮೆಟ್ಟಿಲು ಜಾಸ್ತಿ. ಇನ್ನೊಂದರ ತೊಟ್ಟಿ ಗಾಳಿಗೆ ಮುಖ ಮಾಡಿದೆ, ಹತ್ತು ನಿಮಿಷದಲ್ಲಿ ನೀರು ತಣ್ಣಗಾಗುತ್ತದೆ. ಹತ್ತನೆಯದರ ಬಗ್ಗೆ ಅವಳು "ಸೂರ್ಯಾಸ್ತ ನೋಡ್ತಾ ನೀರಲ್ಲಿ ಕೂರಬಹುದು ಅಂತ ಬರೆದಿದ್ದಾರೆ, ಕಣಿವೆ ಪಶ್ಚಿಮಕ್ಕಿದೆಯಂತೆ, ಚಿತ್ರದ ತುಂಬ ಹೊನ್ನಿನ ಬೆಳಕು" ಅಂದಳು.

"ಕಟಕಟೆಯ ನೆರಳು ಯಾವ ಕಡೆ ಬಿದ್ದಿದೆ?"

"ಆಚೆಗೆ. ಕಣಿವೆ ಕಡೆಗೆ."

"ಹಂಗಾದ್ರೆ ಸೂರ್ಯ ಬೆನ್ನ ಹಿಂದೆ, ಪೂರ್ವದಲ್ಲಿದ್ದಾನೆ. ಬೆಳಿಗ್ಗೆ ತೆಗೆದ ಚಿತ್ರಕ್ಕೆ ಸಂಜೆ ಅಂತ ಹೆಸರಿಟ್ಟಿದ್ದಾರೆ. ನೆರಳಲ್ಲೇ ಸುಳ್ಳು ಹೇಳೋರು ನೀರು ಬಿಸಿ ಇಟ್ಟಾರಾ?"

ಅವನು ಹೇಳಿದ್ದು ಸರಿಯಾಗಿತ್ತು. ಅವಳು ಅಡ್ಡಗೆರೆ ಎಳೆದಳು. ಆದರೆ ಹುಡುಕುವವನಿಗೆ ಹುಳುಕು ಎಲ್ಲಿಲ್ಲ? ಅವನು ತೊಟ್ಟಿಯನ್ನು ಬೇಡ ಅನ್ನುತ್ತಿಲ್ಲ, ಬಾಗಿಲನ್ನು ಬೇಡ ಅನ್ನುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು.

ಇದರ ನಡುವೆ ಅವಳಿಗೇ ಏನೋ ಆಗುತ್ತಿತ್ತು. ಹೊತ್ತು ಏರಿದಂತೆ ಚಿತ್ರಗಳು ಒಂದರೊಳಗೊಂದು ಕರಗತೊಡಗಿದವು. ಹಲಗೆಯ ಜಗಲಿ, ಹಬೆ, ಹಬೆಯಾಚೆಗೆ ನೀಲಿ, ನೀಲಿಯಾಚೆಗೆ ಇನ್ನೂ ತೆಳುವಾದ ನೀಲಿ. ಒಂದು ಚಿತ್ರದಲ್ಲಿ ತೊಟ್ಟಿಯ ಅಂಚಿಗೆ ಯಾರೋ ಮಡಿಸಿಟ್ಟ ಬಿಳಿ ಟವೆಲ್ ಇತ್ತು. ಅದನ್ನು ತಾನೇ ಮಡಿಸಿಟ್ಟೆ ಅನ್ನಿಸಿತು. ಸೀಲಿಂಗ್ ಫ್ಯಾನಿನ ಸದ್ದು ತೊರೆಯ ಸದ್ದಾಯಿತು. ಮೇಜಿನ ಕೆಳಗೆ ಅವಳ ಪಾದಗಳು ಬೆಚ್ಚಗಾದವು. ಆ ಬಿಸುಪು ಮೊಣಕಾಲಿನ ತನಕ, ಸೊಂಟದ ತನಕ ಏರಿತು. ದಿನವಿಡೀ ಬರೆದು ಮರಗಟ್ಟುವ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವನು "ಮುಂದೆ?" ಅಂದಾಗ ನೀರಿನಿಂದ ಎದ್ದು ಬಂದವಳಂತೆ ಅವಳಿಗೆ ಮೈ ಸಣ್ಣಗೆ ನಡುಗಿತು.

ಏಳನೆಯ ಲಾಡ್ಜಿನ ಹೊತ್ತಿಗಂತೂ ಅವಳು ಒಂದು ತಪ್ಪು ಮಾಡಿದ್ದಳು. ಬೋಳು ಬೆಟ್ಟ, ಖಾಲಿ ಆಕಾಶ, ಮಧ್ಯದಲ್ಲಿ ತೊಟ್ಟಿ. ಹೇಳಲು ಏನೂ ಇರಲಿಲ್ಲ. "ಒಂದು ಹಕ್ಕಿ ಹಾರ್ತಿದೆ" ಅಂದುಬಿಟ್ಟಳು. ಚಿತ್ರದಲ್ಲಿ ಹಕ್ಕಿ ಇರಲಿಲ್ಲ.

"ಯಾವ ಕಡೆಯಿಂದ?" ಎಂದು ಅವನು ಕೇಳಿದ.

"ಮರದ ಕಡೆಯಿಂದ."

ಅವನು ಸುಮ್ಮನಾಗಿದ್ದ. ಮೂವತ್ತೊಂದು ವರ್ಷದಲ್ಲಿ ದಾಖಲೆಗೆ ಅವಳು ತಾನಾಗಿ ಸೇರಿಸಿದ ಮೊದಲ ಮಾತು ಅದು. ಅಲ್ಲಿಂದ ಅದು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹದಿನೈದನೆಯ ಲಾಡ್ಜಿಗೆ ಒಂದೇ ಚಿತ್ರವಿತ್ತು, ಅದೂ ಮಸುಕು: ಮರದ ದುಂಡು ತೊಟ್ಟಿ, ಹಿಂದೆ ಕಪ್ಪು ಬಂಡೆ. ಶಿಖರವಿಲ್ಲ, ಆಕಾಶವಿಲ್ಲ. ಕೆಳಗೆ ಒಂದು ಫೋನ್ ನಂಬರು, ಅಷ್ಟೇ. ಅವಳು ಸ್ಪೀಕರ್ ಹಾಕಿ ಕರೆ ಮಾಡಿದಳು. ಎತ್ತಿದವಳು ಲಾಡ್ಜಿನ ಒಡತಿ. ದನಿ ಕೇಳಿದರೆ ತೋಳೇರಿಸಿ ಏನೋ ತಿಕ್ಕುತ್ತಿದ್ದ ಹಾಗಿತ್ತು.

"ಒಂದೇ ಚಿತ್ರ ಹಾಕಿದ್ದೀರಲ್ಲ?"

"ಒಂದೇ ತೊಟ್ಟಿ ಇರೋದು."

ಕುರ್ಚಿಯಲ್ಲಿದ್ದವನು ಮುಗುಳ್ನಕ್ಕ. ಬೆಳಗಿನಿಂದ ಅದು ಮೊದಲ ನಗು.

"ನೋಟ ಏನೂ ಕಾಣಲ್ವಲ್ಲ, ಬರೀ ಬಂಡೆ."

"ನೋಟದ ಕಡೆ ನಿಂತು ಬಂಡೆ ಕಡೆ ತೆಗೆದಿದ್ದು ಅದು. ನನಗೆ ಫೋಟೋ ತೆಗೆಯೋಕೆ ಬರಲ್ಲ. ಬಂಡೆ ಇರೋದ್ರಿಂದ ಗಾಳಿ ಹೊಡೆಯಲ್ಲ, ನೀರು ಬಿಸಿ ಇರುತ್ತೆ. ಎದುರಿಗೆ ಬೆಟ್ಟ ಇದೆ, ಬೆಟ್ಟದ ಮೇಲೆ ಇನ್ನೇನಿರುತ್ತೆ? ಒಂದು ಶಿಖರ ಮಾತ್ರ ಮೂಗು ಮುರಿದುಕೊಂಡು ಮಲಗಿದವನ ಹಾಗಿದೆ."

ಸರ್ವೆಯರ್ ಕಾಲು ಕೆಳಗಿಟ್ಟ. ನೆಟ್ಟಗೆ ಕೂತ. "ಆ ಮೂಗಿನ ಪಕ್ಕದಲ್ಲಿ ಕಲ್ಲು ಪೇರಿಸಿದ ಗುಡ್ಡೆ ಇದ್ಯಾ?"

"ಇದೆಯಲ್ಲ, ಆಳೆತ್ತರ. ಯಾರೋ ಹುಚ್ಚ ಅಷ್ಟೆತ್ತರ ಹತ್ತಿ ಪೇರಿಸಿ ಹೋಗಿದ್ದಾನೆ ಅಂತ ನಮ್ಮ ಮಾವ ಹೇಳ್ತಿದ್ದರು."

"ಅದು ಅಳತೆಯ ಗುರುತು. ಆ ಹುಚ್ಚ ನಾನೇ."

ಆ ತುದಿಯಲ್ಲಿ ತಿಕ್ಕುವುದು ನಿಂತಿತು. "ಹೌದಾ? ಹಂಗಾದ್ರೆ ಬನ್ನಿ, ನೋಡಿಕೊಂಡು ಹೋಗಿ."

"ನನಗೆ ಕಣ್ಣು ಕಾಣಲ್ಲಮ್ಮ."

"ಓ" ಅಂದಳು ಒಡತಿ. "ಕಲ್ಲಿಗೇನು, ಅದು ಅಲ್ಲೇ ಇರುತ್ತೆ" ಅಂದಳು.

ಅವಳ ಆ ಮಾತು ಅವನಿಗೆ ಹಿಡಿಸಿತು ಎಂದು ಹೆಂಡತಿಗೆ ಮುಖದಿಂದಲೇ ಗೊತ್ತಾಯಿತು. ಅವನು ಕೆಲಸಕ್ಕೆ ಇಳಿದ. ಕೋಣೆಯ ಬಾಗಿಲಿಂದ ತೊಟ್ಟಿಗೆ ಎಷ್ಟು ದೂರ? ಒಡತಿ ಹತ್ತಿಪ್ಪತ್ತು ಹೆಜ್ಜೆ ಅಂದಳು. ಹಾಗಲ್ಲ, ಟೇಪ್ ಹಿಡಿದು ಹೇಳಿ ಅಂದ. ಅವಳು ಗೊಣಗುತ್ತ ಹೋಗಿ ಅಳೆದು ಬಂದಳು: ಹತ್ತು ಮೀಟರ್ ನಲವತ್ತು ಸೆಂಟಿಮೀಟರ್. ನೇರ ಹಲಗೆಯ ದಾರಿ. ಎಡಕ್ಕೆ ಉದ್ದಕ್ಕೂ ಬಂಡೆ. ಬಲಕ್ಕೆ ಅಂಚಿನಲ್ಲಿ ಗೇಣೆತ್ತರದ ಹಲಗೆ, ಅದರಾಚೆ ಇಳಿಜಾರು.

"ನನ್ನ ಹೆಜ್ಜೆ ಎಂಬತ್ತು ಸೆಂಟಿಮೀಟರ್. ಹದಿಮೂರು ಹೆಜ್ಜೆ" ಅಂದ ಅವನು, ಉಸಿರು ಬಿಡುವಷ್ಟು ಸಲೀಸಾಗಿ.

"ಇನ್ನೊಂದು ಮನೆಯೋರೂ ಕೇಳ್ತಿದ್ದಾರೆ. ಆರು ಗಂಟೆ ತನಕ ಕಾಯ್ತೀನಿ" ಎಂದು ಒಡತಿ ಫೋನ್ ಇಟ್ಟಳು.

ಅವನ ಹೆಜ್ಜೆಯ ವಿಷಯ ಹೇಳಲೇಬೇಕು. ಇಲಾಖೆಯಲ್ಲಿ ಅದನ್ನು ಟೇಪಿನಷ್ಟೇ ನಂಬುತ್ತಿದ್ದರು. ಪ್ರತಿ ವರ್ಷ ಕ್ಯಾಂಪಿಗೆ ಹೊರಡುವ ಮೊದಲು ಅವನು ನೂರು ಮೀಟರ್ ಗೆರೆಯ ಮೇಲೆ ಮೂರು ಸಲ ನಡೆದು ತನ್ನ ಹೆಜ್ಜೆಯನ್ನು ಪರೀಕ್ಷಿಸಿಕೊಳ್ಳುತ್ತಿದ್ದ. ಮೂರು ಸಲವೂ ನೂರಿಪ್ಪತ್ತೈದು ಹೆಜ್ಜೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮದುವೆಮನೆಯಲ್ಲಿ ಚಪ್ಪರದ ಉದ್ದವನ್ನು ನಡೆದೇ ಹೇಳಿ ಮಾವನನ್ನು ಬೆರಗುಗೊಳಿಸಿದ್ದ. ಕಣ್ಣು ಕೈಕೊಟ್ಟಾಗಲೂ ಅವನು, "ಕಾಲಿದೆಯಲ್ಲ, ಕಾಲಿಗೆ ಲೆಕ್ಕ ಗೊತ್ತಿದೆ" ಅಂದಿದ್ದ.

"ಒಂದ್ಸಲ ನಡೆದು ನೋಡೋಣ" ಅಂದ ಈಗ. "ನಮ್ಮ ವರಾಂಡದಲ್ಲಿ."

ಮೂರನೆಯ ಮಹಡಿಯ ವರಾಂಡ ಅಂದರೆ ಹೊಸ್ತಿಲಿನಾಚೆ. ಅವನಿಗೆ ಅದು ಹೊಳೆದಿತ್ತೋ ಇಲ್ಲವೋ, ನೆನಪಿಸಲು ಅವಳು ಹೋಗಲಿಲ್ಲ. ಅವನ ಹಳೆಯ ಟೇಪ್ ತಂದಳು. ವರಾಂಡದ ಉದ್ದಕ್ಕೂ ಮನೆಮನೆಯ ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಗೋಡೆಗೆ ಸರಿಸಿದಳು. ತಮ್ಮ ಬಾಗಿಲಿಂದ ಹತ್ತು ಮೀಟರ್ ನಲವತ್ತಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿ ಸ್ಟೂಲಿನ ಮೇಲೆ ಬಟ್ಟೆ ನೆನೆಸುವ ನೀಲಿ ಟಬ್ ಇಟ್ಟು, ಬಚ್ಚಲಿಂದ ಬಿಸಿನೀರು ತಂದು ಸುರಿದಳು. ಯಾಕೆ ಸುರಿದಳೋ, ಖಾಲಿ ಟಬ್ ಸಾಕಾಗುತ್ತಿತ್ತು. ನಾಲ್ಕು ಗಂಟೆಯ ಬಿಸಿಲು ವರಾಂಡದ ಕೊನೆಯ ಕಿಟಕಿಯಿಂದ ಓರೆಯಾಗಿ ಬಂದು ಹಬೆಯನ್ನು ಹಿಡಿದುಕೊಂಡಿತು. ಸಿಮೆಂಟಿನ ನೆಲ, ವಿದ್ಯುತ್ ಮೀಟರುಗಳ ಸಾಲು, ನಡುವೆ ಹೊನ್ನಿನ ಬಣ್ಣದ ಮೋಡ. ಅವಳು ಅಲ್ಲೇ ಒಂದು ಗಳಿಗೆ ನಿಂತುಬಿಟ್ಟಳು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಅವಳ ತಮ್ಮ ಬಂದ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಶನಿವಾರ ಪಾಠ ಮುಗಿಸಿ ಕಾಫಿಗೆ ಬರುವುದು ರೂಢಿ.

"ಏನಕ್ಕಾ ಇದು, ವರಾಂಡದಲ್ಲಿ ಬಟ್ಟೆ ಒಗೀತಿದ್ದೀಯಾ?"

"ಬೆಟ್ಟದ ಮೇಲೆ ಲಾಡ್ಜ್ ಮಾಡ್ತಿದ್ದೀವಿ. ಅದರ ತೊಟ್ಟಿ."

"ಲಾಡ್ಜ್ ಅಂದ್ರೆ ಬಸ್ ಸ್ಟ್ಯಾಂಡ್ ಎದುರಿಗೆ ಇರೋದಲ್ವಾ, ತಿಗಣೆ ಸಮೇತ?" ಅಷ್ಟು ಹೇಳುವಷ್ಟರಲ್ಲಿ ಬಾಗಿಲಲ್ಲಿ ಭಾವ ಕಾಣಿಸಿದ. ತಮ್ಮ ಬಾಯಿ ತೆರೆದುಕೊಂಡೇ ನಿಂತ. "ಭಾವ! ಹೊರಗೆ ಬಂದ್ರಾ? ತಡೀರಿ, ಫೋಟೋ ತೆಗೀತೀನಿ."

"ತೆಗೆದು ಯಾರಿಗೆ ತೋರಿಸ್ತೀಯೋ, ನನಗಾ? ದಾರಿ ಬಿಡು."

ಸರ್ವೆಯರ್ ಹಿಮ್ಮಡಿಯನ್ನು ಹೊಸ್ತಿಲಿಗೆ ಒತ್ತಿ ನಿಂತ. ಬೆನ್ನು ನೆಟ್ಟಗಾಯಿತು. ಎಣಿಸುತ್ತ ಹೊರಟ. ಅವಳು ಟಬ್ಬಿನ ಪಕ್ಕದಲ್ಲಿದ್ದಳು. ಒಂಬತ್ತು, ಹತ್ತು. ಏನೋ ಸರಿಯಿಲ್ಲ ಎಂದು ಹತ್ತರ ಹೊತ್ತಿಗೇ ಅವಳಿಗೆ ಕಂಡಿತು. ಹದಿಮೂರು ಅಂದು ಅವನು ನಿಂತು, ಬಾಗಿ, ಕೈ ಚಾಚಿದ. ಕೈ ಗಾಳಿಯಲ್ಲಿ ಅತ್ತಿತ್ತ ಹುಡುಕಿತು. ಟಬ್ ಇನ್ನೂ ಬಹಳ ಮುಂದಿತ್ತು.

"ಟೇಪ್ ತಪ್ಪು ಹಿಡಿದಿದ್ದೀಯ" ಅಂದ.

"ಟೇಪ್ ಸರಿ ಇದೆ ರೀ."

"ಮತ್ತೆ ನೋಡು."

ಅವಳು ಮತ್ತೆ ಅಳೆದಳು. ಸರಿಯಿತ್ತು. ಅವನು ಮತ್ತೆ ನಡೆದ. ಮತ್ತೆ ಗಾಳಿ. ಈ ಸಲ ಅವನ ಹೆಬ್ಬೆರಳಿನ ಮುಂದೆ ಅವಳು ಸದ್ದಿಲ್ಲದೆ ಸೀಮೆಸುಣ್ಣದ ಗುರುತು ಹಾಕಿದಳು. ಬಾಗಿಲಿಂದ ಆರು ಮೀಟರ್ ಐವತ್ತು. ಅವನ ಎಂಬತ್ತು ಈಗ ಐವತ್ತಾಗಿತ್ತು. ಕತ್ತಲಿನಲ್ಲಿ ನಡೆಯುವವನು ಕಾಲನ್ನು ಚಿಕ್ಕದಾಗಿ ಇಡುತ್ತಾನೆ. ಮನೆಯೊಳಗೆ ಫ್ರಿಜ್ಜಿಗೂ ಕುರ್ಚಿಗೂ ನಡುವೆ ಹದಿನಾಲ್ಕು ತಿಂಗಳು ನಡೆದ ಕಾಲು, ಅವನಿಗೆ ಗೊತ್ತಾಗದ ಹಾಗೆ, ತನ್ನ ಅಳತೆಯನ್ನು ಬದಲಾಯಿಸಿಕೊಂಡಿತ್ತು.

"ಕೊನೇ ಸಲ" ಅಂದು ಅವನು ಬಾಗಿಲಿಗೆ ವಾಪಸು ಹೋದ. ಬೆವರಿದ್ದ.

ತಮ್ಮ ಅಕ್ಕನ ಮುಖ ನೋಡಿದ. ಭಾವ ಗಟ್ಟಿಯಾಗಿ ಎಣಿಸುತ್ತ ಬರುತ್ತಿರುವಾಗ, ಅವನು ಸ್ಟೂಲು ಸಮೇತ ಟಬ್ಬನ್ನು ಎತ್ತಿ ಸೀಮೆಸುಣ್ಣದ ಗುರುತಿನ ಹತ್ತಿರ ತಂದಿಟ್ಟ. ಒಂದು ಹನಿ ಚೆಲ್ಲಲಿಲ್ಲ. ಅವಳು ತಡೆಯಲು ಕೈ ಎತ್ತಿದವಳು ಎತ್ತಿದ್ದಲ್ಲೇ ನಿಲ್ಲಿಸಿದಳು.

ಹದಿಮೂರು. ಸರ್ವೆಯರ್ ಬಾಗಿದ. ಕೈ ಬಿಸಿನೀರಿನೊಳಗೆ ಮಣಿಕಟ್ಟಿನ ತನಕ ಇಳಿಯಿತು.

"ಹೇಳಲಿಲ್ವಾ!" ಅಂದ. ಹಬೆ ಅವನ ಗಲ್ಲಕ್ಕೆ, ಕಣ್ಣಿಗೆ ಹತ್ತಿತು. ಹದಿನಾಲ್ಕು ತಿಂಗಳಲ್ಲಿ ಅವಳು ನೋಡದ ಮುಖ ಅದು. ಬೆರಳುಗಳನ್ನು ನೀರಿನಲ್ಲಿ ಆಡಿಸುತ್ತ, "ಹೋಗೋಣ ಕಣೇ. ಫೋನ್ ಮಾಡು" ಅಂದ.

ಬೆಳಗಿನಿಂದ ಅವಳು ಕಾದಿದ್ದ ಮಾತು ಅದೇ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ತಮ್ಮ ಅವಳಿಗೆ ಕಣ್ಣಿನಲ್ಲೇ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ. ಆದರೆ ಅವಳಿಗೆ ಹಲಗೆಯ ದಾರಿ ಕಾಣುತ್ತಿತ್ತು. ಬಲಗಡೆಯ ಗೇಣೆತ್ತರದ ಅಂಚು, ಅದರಾಚೆಯ ಇಳಿಜಾರು. ಹದಿಮೂರಕ್ಕೆ ನಿಂತು, ಸಿಗದ ತೊಟ್ಟಿಗಾಗಿ ಅತ್ತಿತ್ತ ಹುಡುಕುವ ಕೈ.

"ಟಬ್ ಅಲ್ಲಿರಲಿಲ್ಲ ರೀ. ಇವನು ಎತ್ತಿ ನಿಮ್ಮ ಮುಂದಿಟ್ಟ."

ಅವನು ಕೈಯನ್ನು ನಿಧಾನವಾಗಿ ಹೊರಗೆ ತೆಗೆದ. ಪಂಚೆಗೆ ಒರೆಸಿಕೊಂಡ. ಗೋಡೆ ಹಿಡಿದುಕೊಂಡು, ಎಣಿಸದೆ, ಒಳಗೆ ಹೋದ. "ನಾನು ಬರಲ್ಲ. ಬೇಕಾದ್ರೆ ನೀವಿಬ್ಬರು ಹೋಗಿ ಬನ್ನಿ" ಎಂಬ ಮಾತು ಒಳಗಿನಿಂದ ಬಂತು.

"ಹೋಯ್ತಾ ಅಕ್ಕಾ? ಹೋಯ್ತು. ಹರಿಶ್ಚಂದ್ರನ ತಂಗಿ ನೀನು" ಅಂದ ತಮ್ಮ. "ಅಲ್ಲಿ ಹೋದಾಗ ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ರೆ ಆಗ್ತಿರಲಿಲ್ವಾ?"

"ಕೈ ಹಿಡಿಸಿಕೊಂಡು ನಡೆಯೋ ಹಾಗಿದ್ದರೆ ಅವರು ಎಂದೋ ಹೊರಗೆ ಬರ್ತಿದ್ದರು."

ನಾಲ್ಕು ಮುಕ್ಕಾಲು. ತಮ್ಮ ಕಾಫಿ ಮಾಡಲು ಅಡುಗೆಮನೆಗೆ ಹೋದ. ತಪ್ಪು ಮಾಡಿದಾಗಲೆಲ್ಲ ಅವನು ಕಾಫಿ ಮಾಡುತ್ತಾನೆ. ಸರ್ವೆಯರ್ ಬೆತ್ತದ ಕುರ್ಚಿಯಲ್ಲಿ ಬಾಲ್ಕನಿಗೆ ಬೆನ್ನು ಹಾಕಿ ಕೂತಿದ್ದ. ಅವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಸಮಾಧಾನ ಹೇಳಲು ಅವಳಿಗೆ ಬರುವುದಿಲ್ಲ. ಗಂಟಲಿನ ಮುಳ್ಳು ಮಾತ್ರ ಇತ್ತು, ಅದನ್ನೇ ತೆಗೆದಳು.

"ದಾಖಲೇಲಿ ಒಂದು ತಿದ್ದುಪಡಿ ಇದೆ. ಏಳನೇ ಲಾಡ್ಜಲ್ಲಿ ಹಕ್ಕಿ ಇರಲಿಲ್ಲ."

ಅವನು ಕುರ್ಚಿಯ ಕೈಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ, "ಗೊತ್ತಿತ್ತು. ಬೋಳು ಬೆಟ್ಟ ಅಂದೆ, ಆಮೇಲೆ ಮರದ ಕಡೆಯಿಂದ ಹಾರ್ತಿದೆ ಅಂದೆ. ಆ ಎತ್ತರದಲ್ಲಿ ಮರ ಎಲ್ಲಿಂದ ಬರಬೇಕು?"

"ಗೊತ್ತಿದ್ದೂ ಸುಮ್ಮನಿದ್ರಾ?"

"ನೀನು ಸುಳ್ಳು ಹೇಳಿದ್ದು ಅದೇ ಮೊದಲು. ಹೆಂಗಿರುತ್ತೆ ಅಂತ ಕೇಳ್ತಾ ಇದ್ದೆ."

ಅವಳಿಗೆ ನಗು ಬಂತು. ಅವನಿಗೆ ಬರಲಿಲ್ಲ. ಅವನು ತನ್ನ ಪಾದಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು, ಹೊಸ ಜೋಡಿನ ಅಳತೆ ನೋಡುವವನಂತೆ ತಲೆ ಬಗ್ಗಿಸಿದ್ದ.

"ಎಷ್ಟು ಕಡಿಮೆ ಬಿತ್ತು?" ಎಂದು ಕೇಳಿದ.

"ಮೂರು ಮೀಟರ್ ತೊಂಬತ್ತು."

"ಮೂರು ತೊಂಬತ್ತು." ತುಟಿಯಲ್ಲೇ ಲೆಕ್ಕ ಹಾಕಿದ. "ಅಂದ್ರೆ ಐವತ್ತು. ಮಗುವಿನ ಹೆಜ್ಜೆ ಆಯ್ತಲ್ಲೇ."

"ಐವತ್ತು ಅಂದ್ರೆ ಐವತ್ತು. ನೀವೇ ಬರೆಸಿದ್ದು, ನಾನೇ ಟೈಪ್ ಮಾಡಿದ್ದು. ಹೊಸಬರ ಕೈಪಿಡಿ, ನಾಲ್ಕನೇ ನಿಯಮ."

ಆ ನಿಯಮ ಇಬ್ಬರಿಗೂ ಬಾಯಿಪಾಠವಿತ್ತು. ಅಳೆಯುವವನು ತನ್ನ ಹೆಜ್ಜೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಅಳೆದುಕೊಳ್ಳತಕ್ಕದ್ದು. ಮೈ ಬಂದರೆ, ಕಾಯಿಲೆ ಬಿದ್ದರೆ, ಬೂಟು ಬದಲಾದರೆ ಹೆಜ್ಜೆ ಬದಲಾಗುತ್ತದೆ. ಹಳೆಯ ಹೆಜ್ಜೆಯಿಂದ ಬರೆದ ನಕ್ಷೆಗೆ ಸಹಿ ಹಾಕತಕ್ಕದ್ದಲ್ಲ.

ತಮ್ಮ ಕಾಫಿ ತಂದ. ಸರ್ವೆಯರ್ ಲೋಟ ತೆಗೆದುಕೊಂಡು, ಕುಡಿಯದೆ, ಕೇಳಿದ: "ಏನಯ್ಯಾ ಟಬ್ ಕಳ್ಳ, ನಿನ್ನ ಹುಡುಗರಿಗೆ ಕಾರು ಕಲಿಸ್ತೀಯಲ್ಲ ಮೈದಾನ, ಅದರಲ್ಲಿ ನೂರು ಮೀಟರ್ ನೇರ ಜಾಗ ಸಿಗುತ್ತಾ?"

"ಧಾರಾಳವಾಗಿ ಸಿಗುತ್ತೆ ಭಾವ. ಮಧ್ಯೆ ನಾಲ್ಕು ಕಂಬ ನೆಟ್ಟಿದ್ದೀನಿ, ಕಿತ್ತುಹಾಕ್ತೀನಿ."

"ಒಂದೇ ಸಲಕ್ಕೆ ನಂಬೋಕಾಗಲ್ಲ. ಮೂರು ಸಲ ನಡೀಬೇಕು" ಅಂದ ಹೆಂಡತಿಗೆ. ಆಮೇಲೆ ದನಿ ತಗ್ಗಿಸಿ, "ಬೂಟು ಯಾರಿಗೆ ಕೊಟ್ಟೆ?"

"ಮಂಚದ ಕೆಳಗಿದೆ."

ಮೈದಾನ ಎರಡು ಬೀದಿಯಾಚೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಹೋದರು. ಕಲಿಸುವವನು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುವ ಕಾರು. ಆ ಸೀಟಿನಲ್ಲಿ ಸರ್ವೆಯರ್ ಕೂತ. "ಕಾಲ ಕೆಳಗೆ ಬ್ರೇಕ್ ಇದೆ ಭಾವ, ಒತ್ತಬೇಡಿ" ಅಂದ ತಮ್ಮ. "ಒತ್ತೋ ಹಾಗೆ ಓಡಿಸಬೇಡ" ಅಂದ ಭಾವ.

ಇಳಿಬಿಸಿಲಿನಲ್ಲಿ ಮೈದಾನದ ಧೂಳು ತೆಳ್ಳಗೆ ಎದ್ದಿತ್ತು. ಗೆರೆಯ ಆ ತುದಿಯಲ್ಲಿ ತಮ್ಮ ನಿಂತು ಒಂದೇ ಸಮನೆ ಚಪ್ಪಾಳೆ ತಟ್ಟಿದ, ಭಾವನಿಗೆ ದಿಕ್ಕು ಸಿಗಲಿ ಎಂದು. ಅವಳು ಗೆರೆಯ ಪಕ್ಕದಲ್ಲೇ, ಮೂರು ಮಾರು ದೂರ ಬಿಟ್ಟು ನಡೆದಳು. ಅವನು ಪಟ್ಟು ಹಿಡಿದು ನಡೆಯುತ್ತಿರಲಿಲ್ಲ, ಹೆಜ್ಜೆಯನ್ನು ಬೇಕೆಂದು ಉದ್ದ ಮಾಡುತ್ತಿರಲಿಲ್ಲ. ಈಗ ಕಾಲು ಹೇಗೆ ಬೀಳುತ್ತದೋ ಹಾಗೆ ಬೀಳಲು ಬಿಟ್ಟಿದ್ದ. ಧೂಳು ಅವನ ಬೂಟನ್ನು ಮುಚ್ಚಿ, ಮೊಣಕಾಲಿನ ತನಕ ಹೊಂಬಣ್ಣದ ಹಬೆಯಾಗಿ ಏರಿ, ಅವನು ನೀರಿನಲ್ಲಿ ನಡೆಯುತ್ತಿರುವಂತೆ ಅವಳಿಗೆ ಕಂಡಿತು. ದಂಡೆಯಲ್ಲಿ ತಾನು, ನೀರಿನಲ್ಲಿ ಅವನು. ಚಪ್ಪಾಳೆ ಎಲ್ಲೋ ದೂರದ ಬಂಡೆಗೆ ತಾಗಿ ಬರುತ್ತಿತ್ತು.

ಮೊದಲ ಸಲ ಇನ್ನೂರ ಒಂದು. ಎರಡನೆಯ ಸಲ ನೂರ ತೊಂಬತ್ತೇಳು. ಮೂರನೆಯ ಸಲ ಇನ್ನೂರ ಎರಡು. ಅವಳು ಮೂರನ್ನೂ ಬರೆದುಕೊಂಡಳು. ಸರಾಸರಿ ಇನ್ನೂರು.

"ಐವತ್ತೇ" ಅಂದ ಅವನು, ಕಾರಿಗೆ ಒರಗಿ ಏದುಸಿರು ಬಿಡುತ್ತ. "ಎಂಬತ್ತಕ್ಕಿಂತ ಲೆಕ್ಕಕ್ಕೆ ಸುಲಭ. ಎರಡು ಹೆಜ್ಜೆಗೆ ಒಂದು ಮೀಟರ್."

ಐದು ಗಂಟೆ ಐವತ್ತನಾಲ್ಕಕ್ಕೆ ಅವಳು ಮೈದಾನದಿಂದಲೇ ಫೋನ್ ಮಾಡಿದಳು. ಮಂಗಳವಾರದಿಂದ ನಾಲ್ಕು ದಿನ ಎಂದು ಒಡತಿ ಬರೆದುಕೊಂಡ ಸದ್ದು ಕೇಳಿಸಿತು.

"ಆ ಹುಚ್ಚರಿಗೆ ಕೊನೆಗೆ ಎಷ್ಟು ಹೆಜ್ಜೆ ಆಯ್ತಂತೆ?" ಎಂದು ಕೇಳಿದಳು.

"ಇಪ್ಪತ್ತೊಂದು."

"ನನಗೆ ಹದಿನೆಂಟು. ಆಗಲೇ ಹೋಗಿ ಎಣಿಸಿದೆ."

ಮಂಗಳವಾರ ತಮ್ಮ ಅದೇ ಕಾರಿನಲ್ಲಿ ಅವರನ್ನು ಬೆಟ್ಟಕ್ಕೆ ಬಿಟ್ಟುಬಂದ. ದಾರಿಯಲ್ಲಿ ಭಾವ ಎರಡು ಸಲ ಬ್ರೇಕ್ ಒತ್ತಿದರು, ಎರಡು ಸಲವೂ ಮುಂದೆ ತಿರುವಿತ್ತು, ಹೇಗೆ ಗೊತ್ತಾಯಿತೋ ಎಂದು ಅವನು ಈಗಲೂ ಕಂಡವರಿಗೆಲ್ಲ ಹೇಳುತ್ತಾನೆ.

ಸಂಜೆ ಐದು ಇಪ್ಪತ್ತಕ್ಕೆ ಸರ್ವೆಯರ್ ಕೋಣೆಯ ಹೊಸ್ತಿಲಿಗೆ ಹಿಮ್ಮಡಿ ಒತ್ತಿ ನಿಂತ. ಅವಳು ತೊಟ್ಟಿಯ ಬಳಿ ಕಾದಿದ್ದಳು; ದಿಕ್ಕು ತೋರಿಸಲು ಹೋಗಲಿಲ್ಲ. ಎಡಗೈ ಬಂಡೆಯನ್ನು ಆಗಾಗ ಸವರುತ್ತಿತ್ತು. ಹದಿಮೂರರಲ್ಲಿ ಅವನು ಒಂದು ಗಳಿಗೆ ತಡೆದ. ಮುಂದೆ ನಡೆದ. ಇಪ್ಪತ್ತೊಂದನೆಯದನ್ನು ಕೈಗೆ ಬಿಟ್ಟು, ಇಪ್ಪತ್ತು ಅಂದು ನಿಂತು ಬಾಗಿ ಕೈ ಚಾಚಿದಾಗ ಒದ್ದೆ ಮರದ ಅಂಚು ಸಿಕ್ಕಿತು.

ನೀರು ಮೂವತ್ತೊಂಬತ್ತು ಡಿಗ್ರಿ ಇತ್ತು; ಅಂಚಿನಲ್ಲಿ ಥರ್ಮಾಮೀಟರ್ ತೂಗುತ್ತಿತ್ತು. ಅವನು ಬಂಡೆಗೆ ಮುಖ ಮಾಡಿ ಕೂತ. ನೋಟದ ಸೀಟು ತನಗೆ ದಂಡ, ಅದು ನಿನ್ನದು ಅಂದ. ಅವಳು ಕತ್ತಿನ ತನಕ ಇಳಿದಳು. ಹಬೆ ಕಣ್ಣಿಗೆ ಅಡ್ಡ ಬಂತು, ಸರಿಯಿತು. ನೀಲಿ, ಅದರಾಚೆಗೆ ಇನ್ನೂ ತೆಳುವಾದ ನೀಲಿ. ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಈ ಸಲ ನಿಜವಾಗಿ.

"ಏನೇನಿದೆ?"

"ಐದು ಶಿಖರ. ಆರನೇದು ಮೋಡದ ಹಿಂದೆ ಇರಬಹುದು."

"ಇರಬಹುದು ಅಂತಲೇ ಬರ್ಕೋ. ಮೂಗು ಮುರಿದದ್ದು ಸಿಕ್ತಾ? ತೋಳು ನೆಟ್ಟಗೆ ಚಾಚು. ಮೂಗಿನ ತುದಿಗೆ ಬೆರಳಿಡು. ಅಲ್ಲಿಂದ ಎರಡು ಬೆರಳು ಬಲಕ್ಕೆ."

ಅವಳು ನೀರಿನಿಂದ ತೋಳೆತ್ತಿ ಚಾಚಿದಳು. ಎರಡು ಬೆರಳು ಬಲಕ್ಕೆ, ಆಕಾಶದ ಅಂಚಿನಲ್ಲಿ, ಸಾಸಿವೆಯಷ್ಟು ಕಪ್ಪು ಇತ್ತು.

"ಕಾಣ್ತಿದೆ."

"ಸೇರಿಸ್ತಿಲ್ಲ ತಾನೆ?"

"ಇಲ್ಲ ರೀ. ಇದೆ."

ಅವನು ತಲೆಯನ್ನು ತೊಟ್ಟಿಯ ಅಂಚಿಗೆ ಒರಗಿಸಿದ.

ಬುಧವಾರ ಬೆಳಿಗ್ಗೆ ಆರೂವರೆಗೆ ಅವಳಿಗೆ ಎಚ್ಚರವಾದಾಗ ಹಾಸಿಗೆಯ ಆ ಬದಿ ಖಾಲಿಯಿತ್ತು. ಹೊರಗೆ ಹಲಗೆಗಳ ಮೇಲೆ ಹನ್ನೊಂದು, ಹನ್ನೆರಡು, ಹದಿಮೂರು ಎಂದು ಎಣಿಸುವುದು ಕೇಳಿಸಿತು. ಅವನು ಹದಿಮೂರರಲ್ಲಿ ನಿಲ್ಲಲಿಲ್ಲ.